ಅತ್ತೆಯ ಮಂಚದ ಕೆಳಗಿನ ಸುರಂಗ

ಅವನನ್ನು ಎಲ್ಲರೂ ಸುತ್ತಿಗೆಯಣ್ಣ ಎಂದು ಕರೆಯುತ್ತಿದ್ದರು. ಕಸುಬು ಪೈಪು ರಿಪೇರಿ. ಆದರೆ ಜನರ ಕಣ್ಣಿಗೆ ಬೀಳುತ್ತಿದ್ದುದು ಅವನು ಸರಿಮಾಡಿದ ಪೈಪುಗಳಲ್ಲ, ಒಡೆದ ನೆಲಗಳು. ಪೈಪು ಮೊದಲೂ ನೆಲದಡಿ ಹೂತಿರುತ್ತದೆ, ರಿಪೇರಿಯಾದ ಮೇಲೂ ಹೂತೇ ಇರುತ್ತದೆ. ಒಡೆದ ನೆಲ ಮಾತ್ರ ಮನೆಯವರು ಬದುಕಿರುವ ತನಕ ತೇಪೆ ಹಾಕಿಕೊಂಡು ಕಣ್ಣೆದುರೇ ಬಿದ್ದಿರುತ್ತದೆ. ಇದೆಂಥ ಅನ್ಯಾಯ ಎಂದು ಅವನು ಮೊದಮೊದಲು ಕೊರಗುತ್ತಿದ್ದ. ಆಮೇಲೆ ಅದನ್ನೇ ತಮಾಷೆ ಮಾಡಿಕೊಂಡ. “ನಾನು ಕೆಲಸ ಮಾಡಿದ ಮನೆಯಲ್ಲಿ ನನ್ನನ್ನ ಯಾರೂ ಮರೆಯಲ್ಲ. ದಿನಾ ಎಡವುತ್ತಾರೆ” ಎಂದು ತಾನೇ ಹೇಳಿ ತಾನೇ ಮೊದಲು ನಗುತ್ತಿದ್ದ.

ಆಳು ಗಟ್ಟಿ. ಹೊಟ್ಟೆ ಸ್ವಲ್ಪ ಮುಂದು, ಬಾಯಿ ಅದಕ್ಕಿಂತಲೂ ಮುಂದು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ಅವನ ವಿಷಯದಲ್ಲಿ ಮಾತೂ ತೂತೂ ಸೇರಿಕೊಂಡು ಕೆಡಿಸಿದ್ದು ಅತ್ತೆಯ ಮನೆಯನ್ನು.

ಮದುವೆಯಾದ ಹೊಸತು. ಅತ್ತೆಯ ಅಡುಗೆಮನೆಯಲ್ಲಿ ಗೋಡೆಯ ಬುಡ ಒದ್ದೆಯಾಗುತ್ತಿತ್ತು. ಹೊಸ ಅಳಿಯ, ಅದೂ ಕಸುಬುದಾರ, ಸುಮ್ಮನಿರಲಾಗುತ್ತದೆಯೇ? “ನೀವು ಕೂತ್ಕೊಳ್ಳಿ ಅತ್ತೆ, ಕಾಫಿ ಆರೋದ್ರೊಳಗೆ ಮುಗಿಸ್ತೀನಿ” ಎಂದು ಅಂಗಿಯ ತೋಳು ಮಡಚಿದ. ಒಲೆಯ ಮುಂದೆ ಒಡೆದ, ಇಲ್ಲ. ತೊಟ್ಟಿಯ ಕೆಳಗೆ ಒಡೆದ, ಇಲ್ಲ. ಬಾಗಿಲ ಬಳಿ ಒಡೆದ. ಅಲ್ಲೂ ಮಣ್ಣು ಒಣಗಿ ಪುಡಿಪುಡಿಯಾಗಿತ್ತು. ಕೊನೆಗೆ ಗೊತ್ತಾಗಿದ್ದೇನೆಂದರೆ, ಹಿತ್ತಲಿನ ನಲ್ಲಿ ಸರಿಯಾಗಿ ತಿರುಗಿಸದೆ ಬಿಟ್ಟಿದ್ದರಿಂದ ನೀರು ಗೋಡೆಯ ಹೊರಗಿನಿಂದ ಇಳಿಯುತ್ತಿತ್ತು. ಅತ್ತೆ ಎದ್ದುಹೋಗಿ ನಲ್ಲಿ ತಿರುಗಿಸಿದರು. ಒಳಗೆ ಬಂದು, ಉತ್ತುಬಿಟ್ಟ ಹೊಲದಂತಿದ್ದ ಅಡುಗೆಮನೆಯನ್ನು ನೋಡಿದರು.

“ಅಳಿಯಂದ್ರೇ, ಇನ್ನು ಬಿತ್ತನೆ ಯಾವಾಗ?” ಎಂದು ಕೇಳಿದರು.

ಅವರು ಅಷ್ಟು ಮರ್ಯಾದೆಯಿಂದ ಕೇಳಿದ್ದೇ ಅವನಿಗೆ ಹೆಚ್ಚು ನೋವಾಗಿದ್ದು. ಅಂದಿನಿಂದ ಅತ್ತೆ ಅವನನ್ನು ಬಹುವಚನ ಬಿಟ್ಟು ಮಾತಾಡಿಸಲಿಲ್ಲ. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ, ಸುತ್ತಿಗೆ ಹೊರಗಿಡಿ. ಒಂದೊಂದು ‘ಇ’ಕಾರವೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ವರ್ಷಗಳು ಉರುಳಿದವು. ಮಾವ ತೀರಿಕೊಂಡರು. ಅತ್ತೆ ಮಗನ ಮನೆಗೆ ಬಂದರು. ಆ ಮಗ, ಅಂದರೆ ಸುತ್ತಿಗೆಯಣ್ಣನ ಭಾವಮೈದುನ, ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಹಿಂದಿನ ಕೋಣೆ ಅತ್ತೆಯದು. ಕೋಣೆಗೆ ಅಂಟಿಕೊಂಡೇ ಒಂದು ಬಚ್ಚಲು, ಕಿಟಕಿಯಾಚೆ ಸಣ್ಣ ಅಂಗಳ. ಆ ಬಚ್ಚಲಿನಲ್ಲೇ ಒಂದು ಬೆಳಿಗ್ಗೆ ಅತ್ತೆ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದಮೇಲೆ ಕಾಲಿಗೆ ತೂಕ ಕಟ್ಟಿ, ಮಂಚದ ಮೇಲೆ ಅಂಗಾತ ಮಲಗಿಸಿದರು. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ನಾನು ಹೇಳುವ ತನಕ ಇವರನ್ನಾಗಲಿ ಈ ಮಂಚವನ್ನಾಗಲಿ ಅಲುಗಿಸಕೂಡದು.

ಗ್ರಹಚಾರಕ್ಕೆ ಅದೇ ಹೊತ್ತಿಗೆ ಕೋಣೆಯ ನೆಲದಡಿಯ ಪೈಪು ಕೈಕೊಟ್ಟಿತು. ಬಚ್ಚಲಿಗೆ ಸುರಿದ ನೀರು ಇಳಿಯುವ ಬದಲು ಮೇಲೇರತೊಡಗಿತು. ಮಂಚದ ಕಾಲಿನ ಸುತ್ತ ನೆಲ ಬೆವರಿತು. ವಾಸನೆಯೋ, ಹೇಳುವುದೇ ಬೇಡ. ಏಳಲಾಗದ ಹೆಂಗಸು ಮೂಗಿಗೆ ಸೆರಗು ಹಿಡಿದು ಸೂರು ನೋಡುತ್ತಾ ಮಲಗಿದ್ದರು.

ಪೈಪು ರಿಪೇರಿಯವರು ಒಬ್ಬರಾದ ಮೇಲೊಬ್ಬರು ಬಂದು ನೋಡಿದರು. ಎಲ್ಲರದೂ ಒಂದೇ ಮಾತು. ಪೈಪು ಸರಿಯಾಗಿ ಮಂಚದ ಕೆಳಗೇ ಬಿಟ್ಟುಕೊಂಡಿದೆ, ಮಂಚ ತೆಗೀಬೇಕು, ನೆಲ ಒಡೀಬೇಕು, ಧೂಳಾಗುತ್ತೆ, ಸದ್ದಾಗುತ್ತೆ, ಅಜ್ಜಿಯನ್ನ ಬೇರೆ ಕಡೆ ಸಾಗಿಸಿ. ಅಲ್ಲಾಡಿಸಲೇ ಬಾರದ ಅಜ್ಜಿಯನ್ನು ಸಾಗಿಸುವುದೆಲ್ಲಿಗೆ?

ಆ ಸಂಜೆ ಅತ್ತೆಯ ಮಂಚದ ಸುತ್ತ ಮನೆಯವರೆಲ್ಲ ಸೇರಿದರು. ಸುತ್ತಿಗೆಯಣ್ಣನೂ ಹೆಂಡತಿಯೊಂದಿಗೆ ಬಂದಿದ್ದ. ಇಂಥ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರಿ ಎಂದು ಹೆಂಡತಿ ದಾರಿಯುದ್ದಕ್ಕೂ ಹೇಳಿದ್ದಳು. ಅವನೂ ಹೂಂಗುಟ್ಟಿದ್ದ. ಆದರೆ ಭಾವಮೈದುನ “ನೆಲ ಒಡೆಯದೆ ಬೇರೆ ದಾರೀನೇ ಇಲ್ವಂತೆ” ಎಂದು ನಿಟ್ಟುಸಿರು ಬಿಟ್ಟಾಗ ಇವನ ನಾಲಿಗೆ ಅದರಷ್ಟಕ್ಕೆ ಅದೇ ಎದ್ದು ನಿಂತಿತು.

“ಯಾಕಿಲ್ಲ? ಹೊರಗಿನಿಂದ ಸುರಂಗ ತೋಡೋದು. ಅಂಗಳದಲ್ಲಿ ಗುಂಡಿ ತೆಗೆದು, ಅಡಿಪಾಯದ ಕೆಳಗೆ ನುಸುಳಿ, ಪೈಪಿನ ಹತ್ರ ಹೋಗಿ ಸರಿಮಾಡಿ ಬರೋದು. ನೆಲದ ಮೇಲೆ ಒಂದು ಗೀರೂ ಬೀಳಲ್ಲ. ಅತ್ತೆಗೆ ಗೊತ್ತೂ ಆಗಲ್ಲ.”

“ನೀವು ಮಾಡಿದ್ದೀರಾ ಭಾವ?”

“ಮಾಡಿದ್ದೀನಾ ಅಂತ ಕೇಳ್ತೀಯಲ್ಲಯ್ಯ!”

ನಿಜ ಏನೆಂದರೆ, ಹಿಂದೊಮ್ಮೆ ಒಂದು ದೊಡ್ಡ ಗೋದಾಮಿನ ಕೆಲಸದಲ್ಲಿ ಒಬ್ಬ ಹಳೇ ಮೇಸ್ತ್ರಿ ಹೀಗೆ ಸುರಂಗ ತೋಡಿದ್ದ. ಇವನು ಆ ಗುಂಡಿಯ ಅಂಚಿನಲ್ಲಿ ನಿಂತು ಟೀ ಕುಡಿಯುತ್ತಾ ನೋಡಿದ್ದ. ಹೊಟ್ಟೆಯೊಳಗೆ ‘ನೋಡಿದ್ದೇನೆ’ ಎಂದಿದ್ದ ಮಾತು ಗಂಟಲು ದಾಟಿ ತುಟಿಗೆ ಬರುವಷ್ಟರಲ್ಲಿ ‘ಮಾಡಿದ್ದೇನೆ’ ಆಗುವುದು ಅವನಿಗೆ ಹುಟ್ಟಿನಿಂದ ಬಂದ ಕಾಯಿಲೆ.

ಮಂಚದ ಮೇಲಿನಿಂದ ಅತ್ತೆ ಅವನನ್ನೇ ನೋಡಿದರು. “ಅಳಿಯಂದ್ರು ಮೇಲಿಂದ ಒಡೆದದ್ದು ಸಾಲದು ಅಂತ ಈಗ ಕೆಳಗಿಂದ ಒಡೀತಾರಂತೆ” ಎಂದರು. ಆಮೇಲೆ ಮೂಗಿನ ಮೇಲಿನ ಸೆರಗು ಸರಿಪಡಿಸಿಕೊಂಡು, “ಒಡೀಲಿ. ಈ ನಾತದಲ್ಲಿ ಸಾಯೋದಕ್ಕಿಂತ ಅದೇ ವಾಸಿ” ಎಂದರು.

ಮರುದಿನ ಅವನು ಆ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದ. ತನಗೆ ಗೊತ್ತಿಲ್ಲ ಎನ್ನಲು ನಾಚಿಕೆ. ಅದಕ್ಕೆ, “ನನ್ನ ಸ್ನೇಹಿತನೊಬ್ಬ ಕೇಳ್ತಿದ್ದ” ಎಂದು ಶುರುಮಾಡಿದ. ಮೇಸ್ತ್ರಿ ಬೀಡಿ ಆರಿಸಿ ಎಲ್ಲವನ್ನೂ ಹೇಳಿದ. ಕಂಬದ ಬುಡಕ್ಕೆ ಕೈ ಹಾಕಬಾರದು, ಕಂಬಗಳ ನಡುವೆಯೇ ನುಗ್ಗಬೇಕು. ಮೊಣಕೈ ಆಡುವಷ್ಟು ಅಗಲ ಸಾಕು, ದುರಾಸೆ ಬೇಡ. ಮುಂದೆ ಹೋದ ಹಾಗೆಲ್ಲ ಅಕ್ಕಪಕ್ಕ ಹಲಗೆ, ಮೇಲಕ್ಕೆ ಮರದ ಆನಿಕೆ ಕೊಡುತ್ತಾ ಹೋಗಬೇಕು. ಸುರಂಗದ ಬಾಯಲ್ಲಿ ಸದಾ ಒಬ್ಬರು ಕಾದಿರಬೇಕು. ಕೆಲಸ ಮುಗಿದ ಮೇಲೆ ತೆಗೆದ ಮಣ್ಣನ್ನೆಲ್ಲ ಒಳಗೆ ತುಂಬಿ, ಗುದ್ದಿ ಗಟ್ಟಿಯಾಗಿ ದಮ್ಮಸು ಮಾಡಿ ಬರಬೇಕು.

“ನಿಮ್ಮ ಸ್ನೇಹಿತ ದಪ್ಪ ಇದ್ದಾನಾ?” ಎಂದು ಮೇಸ್ತ್ರಿ ಕೊನೆಗೆ ಕೇಳಿದ.

“ಸ್ವಲ್ಪ.”

ಮೇಸ್ತ್ರಿ ಅವನ ಹೊಟ್ಟೆಯನ್ನೇ ನೋಡುತ್ತಾ, “ಹಾಗಿದ್ರೆ ಸುರಂಗಾನೂ ಸ್ವಲ್ಪ ದಪ್ಪ ತೋಡೋಕೆ ಹೇಳಿ” ಎಂದ.

ಅಂಗಳದಲ್ಲಿ, ಅತ್ತೆಯ ಕಿಟಕಿಯ ಕೆಳಗೇ ಗುಂಡಿ ತೆಗೆದದ್ದಾಯಿತು. ಮಣ್ಣು ಎಳೆಯಲು ಯಾರು? ಈ ಕೆಲಸಕ್ಕೆ ಆಳು ಕೇಳಿದರೆ ಎಲ್ಲರೂ ಮುಖ ತಿರುಗಿಸಿದರು. ಕೊನೆಗೆ ಹೆಂಡತಿಯೇ ಸೆರಗು ಸಿಕ್ಕಿಸಿಕೊಂಡು ನಿಂತಳು. ಅವನು ಒಳಗೆ ಮಲಗಿಕೊಂಡು ಮೋಟು ಗುದ್ದಲಿಯಿಂದ ಕೆರೆಯುವುದು, ಮಣ್ಣನ್ನು ಕಬ್ಬಿಣದ ಬಾಂಡಲಿಗೆ ತುಂಬುವುದು, ಹಗ್ಗ ಜಗ್ಗಿ ಸನ್ನೆ ಮಾಡುವುದು, ಅವಳು ಹೊರಗೆಳೆದು ಗೇಟಿನಾಚೆ ಸುರಿಯುವುದು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಗಂಡ ಹೆಂಡತಿ ಇಷ್ಟು ಹೊತ್ತು ಜಗಳವಾಡದೆ ಒಟ್ಟಿಗೆ ಇದ್ದದ್ದು ಅದೇ ಮೊದಲು. ಮಾತು ಕೇಳಿಸುತ್ತಿರಲಿಲ್ಲ, ಅದೇ ಕಾರಣ.

ನೆಲ ಒಡೆಯುವುದರಲ್ಲಿ ಒಂದು ಗತ್ತಿದೆ. ಎದ್ದು ನಿಂತು, ಸುತ್ತಿಗೆ ಎತ್ತಿ, ನಾಲ್ಕು ಜನ ನೋಡುತ್ತಿರುವಾಗ ಬೀಸಿ ಹೊಡೆಯಬಹುದು. ಸುರಂಗದಲ್ಲಿ ಗತ್ತಿಗೆ ಜಾಗವೇ ಇಲ್ಲ. ಹೊಟ್ಟೆಯ ಮೇಲೆ ತೆವಳಬೇಕು. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಕಾಣುವುದು ಮೂಗಿನ ಮುಂದಿನ ಮಣ್ಣು, ಮಣ್ಣಿನಲ್ಲಿ ಗಾಬರಿಬಿದ್ದ ಒಂದು ಎರೆಹುಳ. ತಲೆಯ ಮೇಲೆ ಇಡೀ ಮನೆಯ ಕಾಂಕ್ರೀಟು. ಕಿವಿಯಲ್ಲಿ, ಮೂಗಿನಲ್ಲಿ, ಬಾಯಲ್ಲಿ ಮಣ್ಣು. ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರೆ ಬಾಯಿಗೆ ಮಣ್ಣು ಬೀಳುವುದಿಲ್ಲ ಎಂಬ ಸರಳ ಸತ್ಯ ಅವನಿಗೆ ಆ ವಯಸ್ಸಿನಲ್ಲಿ ಹೊಳೆಯಿತು.

ಕೆಲಸ ಚೆನ್ನಾಗಿಯೇ ಸಾಗುತ್ತಿತ್ತು, ಅಥವಾ ಅವನು ಹಾಗಂದುಕೊಂಡಿದ್ದ. ದಿನಗಟ್ಟಲೆ ಕೆರೆದರೂ ಪೈಪು ಮಾತ್ರ ಸಿಗಲಿಲ್ಲ. ಅಳತೆಪಟ್ಟಿ ಹಿಡಿಯುವ ಮನುಷ್ಯನಲ್ಲ ಅವನು. “ನನ್ನ ಕಣ್ಣೇ ಟೇಪು” ಎನ್ನುತ್ತಿದ್ದ. ಕತ್ತಲಲ್ಲಿ ಆ ಟೇಪು ಏನು ಅಳೆಯುತ್ತದೆ?

ಒಂದು ಮಧ್ಯಾಹ್ನ ಗುಂಡಿಯಿಂದ ತಲೆ ಎತ್ತಿದಾಗ ಕಿಟಕಿಯೊಳಗಿಂದ ಅತ್ತೆಯ ದನಿ ಬಂತು.

“ಅಳಿಯಂದ್ರೇ, ಅಡುಗೆಮನೆಗೆ ಹೊರಟಿದ್ದೀರಾ?”

“ಇಲ್ಲ ಅತ್ತೆ. ಸೀದಾ ನಿಮ್ಮ ಮಂಚದ ಕೆಳಗೇ ಬರ್ತಿದ್ದೀನಿ.”

“ಮೊನ್ನೆ ತನಕ ನನ್ನ ಕಾಲ ಹತ್ರ ಕೆರೀತಿದ್ರಿ. ನಿನ್ನೆ ಗೋಡೆ ಹತ್ರ ಹೋದ್ರಿ. ಈಗ ಸದ್ದು ಅಡುಗೆಮನೆ ಕಡೆಯಿಂದ ಬರ್ತಿದೆ. ಆ ಅಡುಗೆಮನೇನ ಮೇಲಿಂದ ಒಡೆದ್ರಿ, ಈ ಅಡುಗೆಮನೇನ ಕೆಳಗಿಂದ ಒಡೀತೀರಾ?”

ಅವನಿಗೆ ನಂಬಿಕೆ ಬರಲಿಲ್ಲ. ದರ್ಜಿ ಭಾವಮೈದುನ ತನ್ನ ಬಟ್ಟೆ ಅಳೆಯುವ ಟೇಪನ್ನು ದಾರಕ್ಕೆ ಕಟ್ಟಿಕೊಟ್ಟ. ಅಳೆದು ನೋಡಿದರೆ, ಸುರಂಗ ಬಾಳೆಹಣ್ಣಿನ ಹಾಗೆ ಬಾಗಿ, ಒಲೆಯ ದಿಕ್ಕಿಗೆ ಮೂತಿ ಚಾಚಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ಹಾಗನ್ನಲೂ ಬಾಯಿಲ್ಲ. ಡೊಂಕಾಗಿದ್ದು ನೆಲದ ಕೆಳಗೆ, ಮಾಡಿದವನು ತಾನೇ.

“ನಂಗೊಂದು ಕೋಲು ಕೊಡೇ” ಎಂದು ಅತ್ತೆ ಮಗಳನ್ನು ಕೇಳಿದರು. ಕೋಲು ಕೈಗೆ ಬಂದಮೇಲೆ ಕಿಟಕಿಯತ್ತ ಕೂಗಿದರು. “ಒಳಗೆ ಹೋಗಿ. ನಾನು ಕುಟ್ತೀನಿ. ಸದ್ದು ಬಂದ ಕಡೆ ಬನ್ನಿ. ಅಷ್ಟು ಮಾಡೋಕಾಗುತ್ತಲ್ಲ?”

ಮಲಗಿದಲ್ಲಿಂದಲೇ ಅತ್ತೆ ಕೋಲಿನಿಂದ ನೆಲ ಕುಟ್ಟುವುದು, ಕೆಳಗಿನಿಂದ ಅಳಿಯ ಆ ಕಡೆಗೆ ಕೆರೆಯುವುದು ಶುರುವಾಯಿತು. ಅವನು ಸ್ವಲ್ಪ ಅತ್ತಿತ್ತ ಸರಿದರೆ ಕೋಲು ಸಿಟ್ಟಿನಿಂದ ಪಟಪಟ ಬಡಿಯುತ್ತಿತ್ತು. ದಾರಿಗೆ ಬಂದರೆ ಮೆಲ್ಲಗೆ ಟಕ್, ಟಕ್. ಕೆಲವೇ ದಿನಗಳಲ್ಲಿ ಅವನಿಗೆ ಆ ಸದ್ದಿನಲ್ಲೇ ಅತ್ತೆಯ ಮುಖ ಕಾಣತೊಡಗಿತು. ಸೊಂಟ ನೋಯುತ್ತಿದ್ದ ದಿನ ಕೋಲು ಸೋತ ಸದ್ದು ಮಾಡುತ್ತಿತ್ತು. ಅಂಥ ದಿನ ಅವನು ಕೆಳಗಿನಿಂದ ಗುದ್ದಲಿಯ ಹಿಡಿಯಿಂದ ಕಾಂಕ್ರೀಟಿಗೆ ಎರಡು ಸಲ ತಟ್ಟುತ್ತಿದ್ದ. ಮೇಲಿನಿಂದಲೂ ಎರಡು ಸಲ ಉತ್ತರ ಬರುತ್ತಿತ್ತು.

ಆದರೆ ಡೊಂಕು ಸುರಂಗದಿಂದ ಸರಿದಾರಿಗೆ ತಿರುಗುವ ಕಡೆ ಒಂದು ಮೂಲೆ ಉಂಟಾಗಿತ್ತು. ಅಲ್ಲಿ ಅಗಲ ಮಾಡಬೇಕು ಎಂದು ಅವನಿಗೆ ಗೊತ್ತಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡ. ಆ ದಿನ ಭಾವಮೈದುನನ ಹೆಂಡತಿ ಒಳ್ಳೆಯ ಊಟ ಹಾಕಿದ್ದಳು. ಸಾಕು ಅಂದರೂ ಬಡಿಸಿದಳು, ಅಥವಾ ಅವನು ಸಾಕು ಎನ್ನಲೇ ಇಲ್ಲ. ಉಂಡು, ಬಾಯಿ ಒರೆಸಿಕೊಂಡು ಒಳಗೆ ನುಗ್ಗಿದವನು ಆ ಮೂಲೆಯಲ್ಲಿ ಸಿಕ್ಕಿಕೊಂಡ.

ಮುಂದೆ ಹೋಗಲಾರ, ಹಿಂದೆ ಬರಲಾರ. ಒಂದು ಕೈ ಎದೆಯಡಿ ಸಿಲುಕಿತ್ತು. ಹೊಟ್ಟೆ ಬೆಣೆಯ ಹಾಗೆ ಕೂತುಬಿಟ್ಟಿತ್ತು. ಮೊದಲು ತನಗೆ ತಾನೇ ನಕ್ಕ. ಆಮೇಲೆ ನಗುವುದಕ್ಕೂ ಜಾಗವಿಲ್ಲ ಎಂದು ಗೊತ್ತಾದಾಗ ಬೆವರು ಕಿತ್ತುಕೊಂಡಿತು. ಬೆನ್ನಿಗೆ ತಣ್ಣನೆಯ ಕಾಂಕ್ರೀಟು, ಕಣ್ಣಿಗೆ ಮಣ್ಣು. ತಾನು ಇಲ್ಲೇ ಸತ್ತರೆ, ಹೆಣ ಹೊರಗೆ ತೆಗೆಯಲು ಅತ್ತೆಯ ಮಂಚ ಸರಿಸಿ ನೆಲವನ್ನೇ ಒಡೆಯಬೇಕಾಗುತ್ತದಲ್ಲ ಎಂಬ ಯೋಚನೆ ಬಂತು. ಸಾವಿಗಿಂತ ಆಮೇಲೆ ಅತ್ತೆ ಆಡುವ ಮಾತೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

“ಲೇ! ಎಳಿಯೇ!” ಎಂದು ಕಿರುಚಿದ.

ಹೆಂಡತಿ ಒಳಗೆ ತೆವಳಿ ಬಂದು ಕಾಲು ಹಿಡಿದು ಜಗ್ಗಿದಳು. ಒಂದು ಬೂಟು ಕೈಗೆ ಬಂತು. ಮತ್ತೆ ಜಗ್ಗಿದಳು. ಇನ್ನೊಂದು ಬೂಟೂ ಬಂತು. ಗಂಡ ಮಾತ್ರ ಬರಲಿಲ್ಲ. ಅವಳು ಹೊರಗೆ ಓಡಿ, ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಗೆ ಮುಖ ಕೊಟ್ಟು ಅಳತೊಡಗಿದಳು. “ಅಮ್ಮಾ, ಇವ್ರು ಸಿಕ್ಕಿಹಾಕಿಕೊಂಡಿದ್ದಾರೆ! ಬರ್ತಾನೇ ಇಲ್ಲ!”

ಆಗ ಮೊಟ್ಟಮೊದಲ ಬಾರಿಗೆ ಅತ್ತೆಯ ದನಿ ಏರಿತು. ಕಿಟಕಿ ದಾಟಿ, ಗುಂಡಿಗಿಳಿದು, ಸುರಂಗದುದ್ದಕ್ಕೂ ಹರಿದು ಅವನ ಕಿವಿಗೇ ಬಂದು ಬಡಿಯಿತು.

“ಏನೋ, ಕೇಳಿಸ್ತಿದೆಯೇನೋ?”

“ಹೂಂ ಅತ್ತೆ!”

“ಒದ್ದಾಡಬೇಡ! ಒದ್ದಾಡಿದಷ್ಟೂ ಊದ್ಕೊಳ್ತೀಯ. ಬುರುಡೆ ಬಿಡ್ತೀಯಲ್ಲ, ಹಾಗೇ ಉಸಿರೂ ಬಿಡು! ಪೂರ್ತಿ ಬಿಡು! ಒಳಗೇನೂ ಇಟ್ಕೋಬೇಡ!”

ಅವನು ಬಿಟ್ಟ. ಇದ್ದಬದ್ದ ಉಸಿರನ್ನೆಲ್ಲ, ಬಹುಶಃ ಮದುವೆಯ ದಿನದಿಂದ ಎದೆ ಸೆಟೆಸಿಕೊಂಡು ಹಿಡಿದಿಟ್ಟಿದ್ದನ್ನೂ ಸೇರಿಸಿ ಬಿಟ್ಟ. ಹೊಟ್ಟೆ ಒಂದಿಷ್ಟು ಇಳಿಯಿತು. ಹೆಂಡತಿ ಮತ್ತೆ ನುಸುಳಿ ಬಂದು ಅವನ ಪ್ಯಾಂಟಿನ ತುದಿಗಳನ್ನೇ ಹಿಡಿದು ಎಳೆದಳು. ಸರಕ್ ಎಂದು ಹಿಂದಕ್ಕೆ ಜಾರಿದ. ಗುಂಡಿಯಿಂದ ಹೊರಬಂದು ನಿಂತಾಗ ಮೈಯೆಲ್ಲ ಮಣ್ಣು, ಕಾಲಲ್ಲಿ ಬೂಟಿಲ್ಲ, ಪ್ಯಾಂಟು ಮೊಣಕಾಲಿನ ಹತ್ತಿರ. ಕಿಟಕಿಯೊಳಗಿಂದ ಕತ್ತು ಹೊರಳಿಸಿ ನೋಡಿದ ಅತ್ತೆಗೆ ನಗು ಬಂತು. ಬಿದ್ದಾಗಿನಿಂದ ಆ ಮನೆಯಲ್ಲಿ ಯಾರೂ ಕೇಳಿರದ ನಗು. ನಕ್ಕರೆ ಸೊಂಟ ನೋಯುತ್ತದೆ, ನೋವಿಗೆ ಅಯ್ಯೋ ಎನ್ನುತ್ತಾರೆ, ಮತ್ತೆ ಅವನನ್ನು ನೋಡಿ ನಗುತ್ತಾರೆ. ಹೊಲಿಗೆ ಬಿಟ್ಟು ಓಡಿಬಂದ ಮಗ ಅಮ್ಮನಿಗೆ ಏನೋ ಆಯಿತೆಂದು ಗಾಬರಿಯಾದ.

ಪ್ಯಾಂಟು ಮೇಲೆಳೆದುಕೊಳ್ಳುತ್ತಿದ್ದಾಗ ಸುತ್ತಿಗೆಯಣ್ಣನಿಗೆ ತಟ್ಟನೆ ಒಂದು ವಿಷಯ ಹೊಳೆಯಿತು. ಅತ್ತೆ ತನ್ನನ್ನು ‘ನೀನು’ ಅಂದಿದ್ದರು.

ಮಾರನೆಯ ದಿನ ಮೊದಲ ಕೆಲಸವಾಗಿ ಆ ಮೂಲೆಯನ್ನು ಅಗಲ ಮಾಡಿದ. ಮಧ್ಯಾಹ್ನದ ಊಟ ಅರ್ಧಕ್ಕೆ ಇಳಿಸಿದ. ಕೋಲಿನ ಸದ್ದು ಹಿಡಿದು ಹೋದವನಿಗೆ ಕೊನೆಗೊಂದು ದಿನ ಗುದ್ದಲಿಯ ಮೂತಿಗೆ ಪೈಪು ತಗುಲಿತು. ಮಂಚದ ಸರಿಯಾದ ನಡುಮಧ್ಯೆ. ಮಣ್ಣು ಕುಸಿದು ಪೈಪು ಜೋತುಬಿದ್ದಿತ್ತು, ಜೋಡಣೆಯ ಬಳಿ ಒಡೆದು ಬಾಯಿ ಬಿಟ್ಟಿತ್ತು. ಬೆಟ್ಟ ಅಗೆದು ಇಲಿ ಹಿಡಿದಂತೆ, ಇಷ್ಟೆಲ್ಲ ಅಗೆದು ಸಿಕ್ಕಿದ್ದು ಅಂಗೈಯಗಲದ ಒಂದು ಬಿರುಕು.

ಒಡೆದ ತುಂಡನ್ನು ಗರಗಸದಿಂದ ಕೊಯ್ದು ತೆಗೆದ. ಅದರ ಹಿಂದೆ ಏನೇನು ಬಂದು ಅವನ ಮೇಲೆ ಬಿತ್ತು ಎಂಬುದನ್ನು ಅವನು ಯಾರಿಗೂ ವಿವರಿಸಿಲ್ಲ. “ಅತ್ತೆ ಮನೆಯ ಆಶೀರ್ವಾದ” ಎಂದಷ್ಟೇ ಹೇಳುತ್ತಾನೆ. ಒರೆಸಿಕೊಂಡು, ಹೊಸ ತುಂಡು ಕೂರಿಸಲು ಅಣಿಯಾಗುತ್ತಿದ್ದಾಗ ಪೈಪಿನ ತೆರೆದ ಬಾಯಿಂದ ಮಾತು ಕೇಳಿಸಿತು. ಬಚ್ಚಲಿನ ನೀರು ಹೋಗುವ ತೂತಿನ ಜಾಲರಿಯನ್ನು ಅವನೇ ಬೆಳಿಗ್ಗೆ ತೆಗೆದಿಟ್ಟಿದ್ದ, ಅಲ್ಲಿದ್ದ ನೀರನ್ನೂ ಬತ್ತಿಸಿದ್ದ. ಕೋಣೆಯ ಮಾತು ಆ ತೂತಿನಿಂದ ಇಳಿದು ಪೈಪಿನಲ್ಲಿ ಬರುತ್ತಿತ್ತು. ಮೇಲೆ ಹೆಂಡತಿ ಅತ್ತೆಯ ತಲೆ ಬಾಚುತ್ತಿದ್ದಳು.

“ನಿನ್ನ ಮದುವೆ ದಿನ ನಾನು ಎಷ್ಟು ಅತ್ತಿದ್ದೆ, ನೆನಪಿದೆಯೇನೇ?” ಎನ್ನುತ್ತಿದ್ದರು ಅತ್ತೆ.

“ನಾನು ಬಿಟ್ಟುಹೋಗ್ತೀನಿ ಅಂತ ಅತ್ತಿದ್ದಲ್ವಾ ಅಮ್ಮ?”

“ಇಲ್ವೇ. ಅವನು ಮಾತಾಡೋದು ಕೇಳಿ ಅತ್ತಿದ್ದು. ಅಯ್ಯೋ, ಇಂಥವನಿಗೆ ಕೊಟ್ಬಿಟ್ನಲ್ಲಾ ಅಂತ.”

ಕೆಳಗೆ ಅವನು ಗರಗಸ ಹಿಡಿದು ಕಲ್ಲಾದ. ಹೊರಗೆ ತೆವಳಿ ಹೋಗುವುದು ಮರ್ಯಾದೆ. ಆದರೆ ಮರ್ಯಾದಸ್ಥರಿಗೂ ಕಿವಿ ಇರುತ್ತದೆ. ಕಿವಿಯನ್ನು ಪೈಪಿನ ಬಾಯಿಗೆ ಇನ್ನೂ ಹತ್ತಿರ ತಂದ.

“ಈಗಲೂ ಅಷ್ಟೆ” ಎಂದರು ಅತ್ತೆ. “ಕೆಲಸ ಅಷ್ಟಕ್ಕಷ್ಟೆ. ಬಾಯಿ ಜಾಸ್ತಿ. ಸುರಂಗ ತೋಡಿ ಅಭ್ಯಾಸ ಇದೆ ಅಂದ್ನಲ್ಲ, ಜನ್ಮದಲ್ಲಿ ತೋಡಿಲ್ಲ ಅವನು, ಆವತ್ತೇ ಗೊತ್ತಿತ್ತು ನಂಗೆ.”

“ಮತ್ತೆ ಯಾಕೆ ಒಪ್ಕೊಂಡೆ?”

“ಬಂದವರೆಲ್ಲ ನನ್ನನ್ನ ಎಲ್ಲಿಗೆ ಸಾಗಿಸೋದು ಅಂತ ಮಾತಾಡಿದ್ರು, ಮುರಿದ ಕುರ್ಚಿ ವಿಷಯ ಮಾತಾಡಿದ ಹಾಗೆ. ಇವನೊಬ್ಬನೇ ನಾನು ಇದ್ದಲ್ಲೇ ಇರಲಿ ಅಂದದ್ದು. ನಿನ್ನ ತಮ್ಮ ಒಳ್ಳೆಯವನೇ, ಬಾಗಿಲಲ್ಲಿ ನಿಂತು ಹೇಗಿದ್ದೀಯಮ್ಮ ಅಂತಾನೆ, ಹೋಗ್ತಾನೆ. ಇವನು ದಿನವಿಡೀ ಕೆಳಗೆ ಕೆರ ಕೆರ ಅಂತ ಹೆಗ್ಗಣದ ಹಾಗೆ ಕೆರೀತಿರ್ತಾನೆ. ಆ ಸದ್ದು ಕೇಳ್ತಿದ್ರೆ ಒಬ್ಬಳೇ ಬಿದ್ದಿದ್ದೀನಿ ಅನ್ನಿಸಲ್ಲ ಕಣೇ.”

ಅವನು ಮಣ್ಣುಗೈಯಲ್ಲೇ ಕಣ್ಣೊರೆಸಿಕೊಂಡ. ಕಣ್ಣಿಗೆ ಮಣ್ಣು ಬಿದ್ದಿರಬೇಕು ಎಂದುಕೊಂಡ. ಇಂಥ ಹೊತ್ತಿನಲ್ಲಿ ಗಂಭೀರವಾಗಿರುವ ಭಾಗ್ಯವನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಮೂಗಿನಲ್ಲಿದ್ದ ಧೂಳು ಕೆರಳಿ, ತಡೆಯಲಾರದೆ ಗಟ್ಟಿಯಾಗಿ ಸೀನಿದ. ಸೀನು ಪೈಪು ಹತ್ತಿ ಬಚ್ಚಲಿನಲ್ಲಿ ಕಹಳೆಯ ಹಾಗೆ ಮೊಳಗಿತು.

ಮೇಲಿನಿಂದ ಅತ್ತೆಯ ದನಿ ಬಂತು.

“ಏನೋ, ಎಲ್ಲಾ ಕೇಳಿಸ್ಕೊಂಡ್ಯಾ?”

“ಇಲ್ಲ ಅತ್ತೆ” ಎಂದಿತು ಬಚ್ಚಲಿನ ತೂತು. “ಇಲ್ಲಿಗೆ ಏನೂ ಕೇಳಿಸಲ್ಲ.”

“ಒಳ್ಳೇದಾಯ್ತು. ಕೇಳಿಸಿದ್ರೆ ತಲೆ ಬೀಗಿ ಮತ್ತೆ ಸಿಕ್ಕಿಹಾಕಿಕೊಳ್ತಿದ್ದೆ. ಕೆಲಸ ನೋಡು.”

ಅವನು ಕೆಲಸ ನೋಡಿದ. ಹೊಸ ತುಂಡು ಕೂರಿಸಿ, ಎರಡೂ ಕಡೆ ಅಂಟು ಹಾಕಿ ಬಿಗಿದ. ಪೈಪು ಮತ್ತೆ ಜೋತುಬೀಳದಂತೆ ಕಬ್ಬಿಣದ ಪಟ್ಟಿಗಳಿಂದ ಕಾಂಕ್ರೀಟಿನ ತಳಕ್ಕೆ ಕಟ್ಟಿ ನಿಲ್ಲಿಸಿದ. ಭಾವಮೈದುನ ಬಚ್ಚಲಿಗೆ ಕೊಡಗಟ್ಟಲೆ ನೀರು ಸುರಿದ. ಇವನು ಕೆಳಗೆ ಮಲಗಿ ಜೋಡಣೆಗೆ ಕೆನ್ನೆ ಒತ್ತಿಕೊಂಡು ಕಾದ. ನೀರು ಗಳಗಳ ಹರಿದುಹೋಯಿತು. ಒಂದು ಹನಿ ತೊಟ್ಟಿಕ್ಕಲಿಲ್ಲ. ಕೆಲಸ ಒಂದೇ ಸಲಕ್ಕೆ ಸರಿಯಾದದ್ದು ಅವನಿಗೇ ಅನುಮಾನ ತರಿಸಿತು. ಮತ್ತೆ ಸುರಿಸಿದ. ಆಗಲೂ ಸೋರಲಿಲ್ಲ.

ಇನ್ನು ಮಣ್ಣು ತುಂಬುವುದು. ಗೇಟಿನಾಚೆ ಹೋಗಿ ನೋಡುತ್ತಾನೆ, ಮಣ್ಣಿಲ್ಲ. ಗುಡ್ಡದ ಹಾಗೆ ಸುರಿದಿದ್ದ ಜಾಗದಲ್ಲಿ ಒಂದು ಬುಟ್ಟಿಯಷ್ಟು ಉಳಿದಿದೆ. ಬೀದಿಯವರು ಹದವಾದ, ಕಲ್ಲಿಲ್ಲದ ಮಣ್ಣು ಬಿಟ್ಟಿ ಬಿದ್ದಿದೆಯೆಂದು ತಮ್ಮತಮ್ಮ ಹೂಕುಂಡಗಳಿಗೆ, ಅಂಗಳದ ತಗ್ಗುಗಳಿಗೆ ಹೊತ್ತುಕೊಂಡು ಹೋಗಿದ್ದರು. ಅದನ್ನು ತಡೆಯಬೇಕಾಗಿದ್ದ ಹೆಂಡತಿ, “ನಾನೇ ತಗೊಂಡು ಹೋಗಿ ಅಂದೆ. ಮಣ್ಣು ವಾಪಸ್ ಬೇಕು ಅಂತ ನೀವು ಹೇಳಿದ್ರಾ?” ಎಂದಳು. ಹೇಳಿರಲಿಲ್ಲ. ತೆಗೆದ ಮಣ್ಣನ್ನೇ ತುಂಬಬೇಕೆಂಬ ಮೇಸ್ತ್ರಿಯ ಮಾತನ್ನು ಅವನು ‘ಸ್ನೇಹಿತನಿಗೆ’ ದಾಟಿಸುವುದನ್ನು ಮರೆತಿದ್ದ.

ಬಾಂಡಲಿ ಹಿಡಿದು ಮನೆಮನೆಯ ಬಾಗಿಲಿಗೆ ಹೋದ. “ಸ್ವಲ್ಪ ಮಣ್ಣು ಕೊಡ್ತೀರಾ?” ಜೀವನದಲ್ಲಿ ಬಹಳ ತರದ ಅವಮಾನ ಉಂಡವನಿಗೂ ಮಣ್ಣಿನ ಭಿಕ್ಷೆ ಹೊಸದು. ಯಾಕೆ, ಏನು ಎಂದು ಎಲ್ಲರೂ ಕೇಳುವವರೇ. ನೆಲ ಒಡೆಯದೆ ಪೈಪು ಸರಿಮಾಡಿದೆ ಎಂದರೆ, “ಯಾರು, ನೀವಾ?” ಎಂದು ನಗುವವರೇ. ನಂಬದವರು ಬಂದು ನೋಡಿದರು. ಅತ್ತೆಯ ಕೋಣೆಯ ನೆಲ ಒಂದು ಗೀರಿಲ್ಲದೆ, ಒರೆಸಿಟ್ಟ ಹಾಗೆ ಇತ್ತು. ಮಂಚ ಇದ್ದಲ್ಲೇ ಇತ್ತು. ವಾಸನೆ ಇರಲಿಲ್ಲ. ಅತ್ತೆ ಬಂದವರಿಗೆಲ್ಲ ಕೋಲಿನಿಂದ ನೆಲ ತೋರಿಸಿ, “ಅಡುಗೆಮನೆ ಕಡೆಯಿಂದ ಸುತ್ತಿಕೊಂಡು ಬಂದ” ಎನ್ನುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ನೋಡಿಹೋದವರಲ್ಲಿ ಬೀದಿ ಕೊನೆಯ ಮನೆಯ ಗಡಿಯಾರ ರಿಪೇರಿಯವರೂ ಇದ್ದರು. ಅವರ ನಡುಮನೆಯ ಕೆಳಗೂ ಪೈಪು ಸೋರುತ್ತಿತ್ತು. ಮೇಲೆ ಅವರ ತಂದೆ ಕೂರಿಸಿದ ನುಣುಪಾದ ಮರದ ನೆಲ, ಒಡೆಯಲು ಮನಸ್ಸಿಲ್ಲದೆ ಮೇಲೆದ್ದ ಒದ್ದೆ ಒರೆಸಿಕೊಂಡು ದಿನ ದೂಡುತ್ತಿದ್ದರು. ಬರುತ್ತೀರಾ ಎಂದು ಕೇಳಿದರು. ಸುತ್ತಿಗೆಯಣ್ಣ ಬಾಯಿ ತೆರೆದು, “ಅದೇನು ಮಹಾ, ಕಾಫಿ ಆರೋದ್ರೊಳಗೆ” ಎಂದು ಶುರುಮಾಡಿದವನು, ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

“ಒಂದೇ ಸಲ ಮಾಡಿರೋದು ನಾನು. ಅದರಲ್ಲೂ ಅರ್ಧ ದಾರಿ ತಪ್ಪು. ಬೇಕಾದ್ರೆ ಅತ್ತೇನ ಕೇಳಿ” ಎಂದ.

ಗಡಿಯಾರದವರು ಕೇಳಿಯೂ ಕೇಳಿದರು. ಅತ್ತೆ, “ಅವನು ಹೇಳೋದನ್ನ ಕೇಳಬೇಡಿ, ಮಾಡೋದನ್ನ ನೋಡಿ. ಮುಗಿಸದೆ ಬಿಟ್ಟುಹೋಗೋ ಪೈಕಿ ಅಲ್ಲ” ಎಂದರಂತೆ.

ಅತ್ತೆ ಎದ್ದು ನಡೆಯಲು ಇನ್ನೂ ಬಹಳ ದಿನ ಹಿಡಿಯಿತು. ಮಣ್ಣು ತುಂಬಿ ದಮ್ಮಸು ಮಾಡುವುದನ್ನು ಸುತ್ತಿಗೆಯಣ್ಣ ಬೇಕೆಂದೇ ನಿಧಾನ ಮಾಡಿದ ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಮಣ್ಣು ಸಿಗಲಿಲ್ಲ, ಅದಕ್ಕೆ ತಡವಾಯಿತು ಎಂದು ಅವನು ವಾದಿಸುತ್ತಾನೆ. ಸುರಂಗ ಮುಚ್ಚಿದ ಮೇಲೆ ಅವನು ಸಂಜೆ ಹೊತ್ತು ಬಾಗಿಲಿನಿಂದಲೇ ಒಳಗೆ ಬಂದು, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ದಿನದ ತನ್ನ ಪೆದ್ದುತನಗಳನ್ನು ಒಪ್ಪಿಸಿ ಹೋಗುತ್ತಿದ್ದ. ಅತ್ತೆ ಸೊಂಟ ಹಿಡಿದುಕೊಂಡು ನಗುತ್ತಿದ್ದರು. ಒಂದು ದಿನ ನಾಲ್ಕು ಕಾಲಿನ ಊರುಗೋಲು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಅವನ ಕುರ್ಚಿಯ ತನಕ ಬಂದರು.

ಗಡಿಯಾರದವರ ಮನೆಯ ಅಡಿಪಾಯದ ನಡುವಿನ ಸಂದಿ ಕಿರಿದಾಗಿತ್ತು. ಗುಂಡಿ ತೆಗೆದು, ತಲೆ ತೂರಿಸಿ, ಭುಜ ತೂರಿಸಿ, ಹೊಟ್ಟೆ ಒಳಗೆಳೆದುಕೊಂಡು ನೋಡಿದ. ಊಹೂಂ. ಇನ್ನಷ್ಟು ಉಸಿರು ಬಿಟ್ಟ. ಆದರೂ ಊಹೂಂ. ಹೆಂಡತಿ ಗುಂಡಿಯ ಅಂಚಿನಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಆಮೇಲೆ ಗಂಡನ ಹಳೇ ಪ್ಯಾಂಟು ತೊಟ್ಟು ಬಂದಳು.

“ಈಚೆ ಬನ್ನಿ. ಟಾರ್ಚು ಕೊಡಿ.”

“ನಿಂಗೆ ಗೊತ್ತಾಗಲ್ಲ ಕಣೇ, ಒಳಗೆ ದಿಕ್ಕೇ...”

“ನಿಮಗೆ ಗೊತ್ತಾಗಿತ್ತಾ?”

ಅವನು ಟಾರ್ಚು ಬಿಚ್ಚಿಕೊಟ್ಟ. ಅವಳು ಟೇಪಿನ ತುದಿಯನ್ನು ಅಡಿಪಾಯಕ್ಕೆ ಸಿಕ್ಕಿಸಿ, ಅಳತೆ ಹಿಡಿದುಕೊಂಡೇ ಒಳಗೆ ಹೋದಳು. ಬಾಣದ ಹಾಗೆ ನೆಟ್ಟಗೆ ಹೋದಳು. ಅಂದಿನಿಂದ ಅವರ ಕೆಲಸ ಹಾಗೇ ನಡೆದುಬಂದಿದೆ. ತೋಡುವುದು, ಪೈಪು ಹುಡುಕುವುದು ಅವಳು. ಆನಿಕೆ ಕತ್ತರಿಸಿ ಕೊಡುವುದು, ಹಗ್ಗ ಎಳೆಯುವುದು, ಮಣ್ಣು ಕಾಯುವುದು ಅವನು. ಜೋಡಣೆ ಹೇಗೆ ಕೂರಿಸಬೇಕೆಂದು ಇವನು ಸುರಂಗದ ಬಾಯಲ್ಲಿ ಬಗ್ಗಿ ಕೂಗುತ್ತಾನೆ, ಅವಳು ಒಳಗಿನಿಂದ “ಗೊತ್ತು ರೀ!” ಎಂದು ಕೂಗುತ್ತಾಳೆ.

ಮನೆಯವರು ಕುತೂಹಲಕ್ಕೆ ಗುಂಡಿಯ ಬಳಿ ಬಂದು, “ಕೆಲಸ ಎಲ್ಲಿಗೆ ಬಂತು?” ಎಂದು ವಿಚಾರಿಸಿದರೆ ಅವನು ಬಾಂಡಲಿ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಸುರಂಗದ ವಿದ್ಯೆಯನ್ನೆಲ್ಲ ಮೊದಲಿನಿಂದ ವಿವರಿಸುತ್ತಾನೆ. ಅವರು ತಲೆದೂಗುತ್ತಾ ಕೇಳುತ್ತಿರುವಾಗಲೇ ಒಳಗಿನಿಂದ ಹಗ್ಗ ಜಗ್ಗುತ್ತದೆ. ಅವನು ಮಾತನ್ನು ಅರ್ಧಕ್ಕೇ ಬಿಟ್ಟು, ಬಗ್ಗಿ, ಮಣ್ಣು ಎಳೆಯುತ್ತಾನೆ.